ಕಾಡು ಕಾಯುವ ಹಳ್ಳಿಗೆ ಇಂಗಾಲದ ಹಣ: ಸಹಿ ಹಾಕುವ ಮುನ್ನ ಲೆಕ್ಕ ಹಾಕಿ

ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದರೆ ಚಿತ್ರದುರ್ಗ ಜಿಲ್ಲೆಯ ಗುಡ್ಡಗಳಿಗೆ ಬೆಂಕಿಯ ಭಯ ಶುರುವಾಗುತ್ತದೆ. ದುರ್ಗದ ಜೋಗಿಮಟ್ಟಿಯಿಂದ ಹಿಡಿದು ಹಿರಿಯೂರಿನ ಮಾರಿಕಣಿವೆ ಬೆಟ್ಟಸಾಲು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಕುರುಚಲು ಕಾಡಿನವರೆಗೆ ಮೊಣಕಾಲುದ್ದದ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಬಿದ್ದರೂ ಸಾಕು, ರಾತ್ರಿ ಬೆಳಗಾಗುವುದರೊಳಗೆ ಗುಡ್ಡ ಕರಿಯಾಗುತ್ತದೆ. ಇಂಥ ಹೊತ್ತಿನಲ್ಲಿ ಹಸಿ ಸೊಪ್ಪಿನ ಕೊಂಬೆ ಹಿಡಿದು ಅರಣ್ಯ ಇಲಾಖೆಯ ಕಾವಲುಗಾರನ ಜೊತೆ ಗುಡ್ಡ ಹತ್ತುವವರು ಅಕ್ಕಪಕ್ಕದ ಹಳ್ಳಿ, ಹಟ್ಟಿ, ತಾಂಡಾಗಳ ಜನ. ಕಾಡು ಉಳಿದರೆ ಅದರ ಹೆಸರು ಸರ್ಕಾರದ ದಾಖಲೆಗೆ ಸೇರುತ್ತದೆ. ಉಳಿಸಿದವರ ಹೆಸರು ಎಲ್ಲಿಯೂ ಸೇರುವುದಿಲ್ಲ.

ಹೀಗೆ ಕಾಡು ಕಾದವರಿಗೆ ಪ್ರತಿಫಲ ಸಲ್ಲಬೇಕು ಎಂಬ ವಿಚಾರ ಈಗ ಜಗತ್ತಿನ ದೊಡ್ಡ ಸಭೆಗಳಲ್ಲಿ ಒಪ್ಪಿತವಾಗಿದೆ. 2005ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಪಪುವಾ ನ್ಯೂಗಿನಿ ಮತ್ತು ಕೋಸ್ಟರಿಕ ದೇಶಗಳು ಇದನ್ನು ಮುಂದಿಟ್ಟವು. ಉಷ್ಣವಲಯದ ಬಡ ದೇಶಗಳು ಕಾಡು ಕಡಿಯದೆ ಉಳಿಸಿದರೆ ಅದರಿಂದ ಇಡೀ ಜಗತ್ತಿಗೆ ಲಾಭ, ಆದ್ದರಿಂದ ಹೊಗೆ ಉಗುಳುವ ಶ್ರೀಮಂತ ದೇಶಗಳು ಅದರ ಖರ್ಚನ್ನು ಭರಿಸಬೇಕು ಎಂಬುದು ಅವುಗಳ ವಾದ. 2007ರ ಬಾಲಿ ಸಮ್ಮೇಳನದಲ್ಲಿ ಈ ವಿಚಾರಕ್ಕೆ ಮನ್ನಣೆ ದೊರೆಯಿತು, 2013ರ ವಾರ್ಸಾ ಸಮ್ಮೇಳನದಲ್ಲಿ ನಿಯಮಗಳು ರೂಪುಗೊಂಡವು. 'ರೆಡ್ ಪ್ಲಸ್' ಎಂಬ ಹೆಸರಿನ ಈ ಯೋಜನೆಗೆ ಭಾರತ ಸರ್ಕಾರವೂ 2018ರಲ್ಲಿ ತನ್ನ ಕಾರ್ಯನೀತಿಯನ್ನು ಪ್ರಕಟಿಸಿತು. ಸರ್ಕಾರಗಳ ನಡುವಿನ ಈ ವ್ಯವಹಾರದ ಜೊತೆಗೆ ಖಾಸಗಿ ಕಂಪನಿಗಳ ಮಾರುಕಟ್ಟೆಯೂ ಬೆಳೆದಿದೆ. 'ಮರ ಬೆಳೆಸಿ, ಕಾಡು ಉಳಿಸಿ, ಇಂಗಾಲಕ್ಕೆ ಹಣ ಪಡೆಯಿರಿ' ಎಂದು ಒಪ್ಪಂದ ಪತ್ರ ಹಿಡಿದು ಬರುವವರು ನಮ್ಮ ದೇಶದ ಹಳ್ಳಿಗಳಿಗೂ ಬರತೊಡಗಿದ್ದಾರೆ.

ವಿಚಾರ ಒಳ್ಳೆಯದು. ಆದರೆ ಬಯಲು ಸೀಮೆಯ ಹಳ್ಳಿಗೆ ಇದರಿಂದ ಎಷ್ಟು ಸಿಕ್ಕೀತು, ಯಾರ ಕೈಗೆ ಸಿಕ್ಕೀತು, ಬದಲಿಗೆ ಏನನ್ನು ಬಿಟ್ಟುಕೊಡಬೇಕಾದೀತು ಎಂಬುದನ್ನು ಮೊದಲು ತಿಳಿಯಬೇಕು. ಇಪ್ಪತ್ತು ಮೂವತ್ತು ವರ್ಷಗಳಿಗೆ ಹಾಕುವ ಸಹಿಯು ಮಕ್ಕಳ ಕಾಲವನ್ನೂ ಕಟ್ಟಿಹಾಕುತ್ತದೆ.

ಇಂಗಾಲವನ್ನು ತೂಗುವುದು ಹೇಗೆ?

ಗಿಡಮರಗಳು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಎಂಬ ಅನಿಲವನ್ನು ಹೀರಿ, ಅದರಲ್ಲಿಯ ಇಂಗಾಲವನ್ನು ಕಾಂಡ, ಕೊಂಬೆ, ಬೇರುಗಳಲ್ಲಿ ಕೂಡಿಡುತ್ತವೆ. ಒಣಗಿದ ಸೌದೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ. ಸೌದೆ ಸುಟ್ಟಾಗ ಈ ಇಂಗಾಲ ಮತ್ತೆ ಗಾಳಿಗೆ ಸೇರುತ್ತದೆ. ಒಂದು ಟನ್ ಇಂಗಾಲ ಗಾಳಿಯಲ್ಲಿ ಸುಮಾರು 3.67 ಟನ್ ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಮಾರುಕಟ್ಟೆಯಲ್ಲಿ 'ಕಾರ್ಬನ್ ಕ್ರೆಡಿಟ್' ಎನ್ನುವುದು ಇಂಥ ಒಂದು ಟನ್ ಅನಿಲದ ಲೆಕ್ಕಕ್ಕೆ ಕೊಡುವ ಚೀಟಿ. ತನ್ನ ಹೊಗೆಯನ್ನು ಕಡಿಮೆ ಮಾಡಲಾರದ ಕಾರ್ಖಾನೆ ಅಥವಾ ವಿಮಾನ ಕಂಪನಿ ಈ ಚೀಟಿಯನ್ನು ಕೊಂಡು ತನ್ನ ಲೆಕ್ಕ ಸರಿದೂಗಿಸುತ್ತದೆ.

ಮರವನ್ನು ಕಡಿದು ತಕ್ಕಡಿಗೆ ಹಾಕುವುದು ಸಾಧ್ಯವಿಲ್ಲವಾದ್ದರಿಂದ ಅಳತೆಯ ಮೂಲಕ ತೂಕವನ್ನು ಅಂದಾಜು ಮಾಡುತ್ತಾರೆ. ಕಾಡಿನಲ್ಲಿ ಅಲ್ಲಲ್ಲಿ ಮಾದರಿ ಚೌಕಗಳನ್ನು ಗುರುತಿಸಿ, ಪ್ರತಿ ಮರವನ್ನು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ ಅಳೆಯುತ್ತಾರೆ. ಮರದ ಜಾತಿ ಮತ್ತು ಸುತ್ತಳತೆ ತಿಳಿದರೆ ಸೂತ್ರದ ಪ್ರಕಾರ ತೂಕ ದೊರೆಯುತ್ತದೆ. ಕೆಲವು ವರ್ಷಗಳ ನಂತರ ಅದೇ ಚೌಕದಲ್ಲಿ ಮತ್ತೆ ಅಳೆದಾಗ ಎಷ್ಟು ಹೆಚ್ಚಾಗಿದೆ ಎಂಬುದು ಗೊತ್ತಾಗುತ್ತದೆ. ಈ ಕೆಲಸ ಕಷ್ಟದ್ದಲ್ಲ. ಹತ್ತನೇ ತರಗತಿ ಓದಿದ ಹಳ್ಳಿಯ ಹುಡುಗ ಹುಡುಗಿಯರು ಎರಡು ದಿನದ ತರಬೇತಿಯಲ್ಲಿ ಕಲಿಯಬಹುದು.

ಎಕರೆಗೆ ಒಂದು ದಿನದ ಕೂಲಿ

ಮಲೆನಾಡಿನ ಕಾಡಿಗೂ ನಮ್ಮ ಕಾಡಿಗೂ ಅಜಗಜಾಂತರ. ಹಿರಿಯೂರಿನ ಕಡೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಹೊಳಲ್ಕೆರೆ ಕಡೆ ಅದಕ್ಕಿಂತ ಸ್ವಲ್ಪ ಹೆಚ್ಚು. ಇಲ್ಲಿ ಬೆಳೆಯುವ ದಿಂಡಿಗ, ತುಗ್ಗಲಿ, ಜಾಲಿ, ಕಮರ, ಸೀತಾಫಲ, ಬಂದರೆ, ತಂಗಡಿಗಳು ಕಲ್ಲಿನ ಸಂದಿಯಲ್ಲಿ ಬೇರೂರಿ ನಿಧಾನವಾಗಿ ಬೆಳೆಯುವಂಥವು. ಆದ್ದರಿಂದ ಲೆಕ್ಕಕ್ಕಾಗಿ, ನಮ್ಮ ಕುರುಚಲು ಕಾಡು ಒಂದು ಎಕರೆಯಲ್ಲಿ ವರ್ಷಕ್ಕೆ ಅರ್ಧ ಟನ್ ಒಣ ಸೌದೆಯಷ್ಟು ಬೆಳೆಯುತ್ತದೆ ಎಂದು ಇಟ್ಟುಕೊಳ್ಳೋಣ. ಅದರಲ್ಲಿ ಇಂಗಾಲ ಕಾಲು ಟನ್. ಅನಿಲದ ಲೆಕ್ಕದಲ್ಲಿ ಸುಮಾರು 0.92 ಟನ್. ಟನ್ನಿಗೆ 400 ರೂಪಾಯಿ ಬೆಲೆ ಸಿಕ್ಕಿತೆಂದರೆ ಎಕರೆಗೆ ವರ್ಷಕ್ಕೆ ಸುಮಾರು 367 ರೂಪಾಯಿ.

2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಒಂದು ಎಕರೆ ಕಾಡನ್ನು ವರ್ಷವಿಡೀ ಕಾದದ್ದಕ್ಕೆ ಒಂದು ದಿನದ ಕೂಲಿಯೂ ಪೂರಾ ಹುಟ್ಟುವುದಿಲ್ಲ.

ಇದನ್ನೇ ಒಂದು ಹಳ್ಳಿಯ ಮಟ್ಟದಲ್ಲಿ ನೋಡೋಣ. ಊರಿಗೆ ಸೇರಿದಂತೆ 750 ಎಕರೆ ಗುಡ್ಡ, ಊರಿನಲ್ಲಿ 250 ಮನೆ ಎಂದುಕೊಂಡರೆ ಇಂಗಾಲದ ಹಣ ವರ್ಷಕ್ಕೆ 2,75,250 ರೂಪಾಯಿ. ಸರ್ವೆ, ಉಪಗ್ರಹದ ನಕ್ಷೆ, ದಾಖಲೆ ಪತ್ರ, ನೋಂದಣಿ ಶುಲ್ಕ, ಹೊರಗಿನಿಂದ ಬಂದು ತಪಾಸಣೆ ಮಾಡುವವರ ಖರ್ಚು, ಮಧ್ಯವರ್ತಿಯ ಪಾಲು ಎಲ್ಲ ಸೇರಿ ಇದರಲ್ಲಿ ಅರ್ಧ ಹೋಯಿತೆನ್ನೋಣ. ಉಳಿದದ್ದು 1,37,625 ರೂಪಾಯಿ. ಬೆಂಕಿ ಮತ್ತು ಕಳ್ಳಕಡಿತದಿಂದ ಗುಡ್ಡ ಕಾಯಲು ಒಬ್ಬನೇ ಒಬ್ಬ ಕಾವಲುಗಾರನನ್ನು ದಿನಕ್ಕೆ 370 ರೂಪಾಯಿಯಂತೆ ವರ್ಷವಿಡೀ ಇಟ್ಟರೆ 1,35,050 ರೂಪಾಯಿ ಖರ್ಚು. ಕೊನೆಗೆ ಮನೆಯೊಂದಕ್ಕೆ ಉಳಿಯುವುದು ಹತ್ತು ರೂಪಾಯಿ ಚಿಲ್ಲರೆ.

ಬೆಳವಣಿಗೆ ಮತ್ತು ಬೆಲೆ ಎರಡನ್ನೂ ದುಪ್ಪಟ್ಟು ಮಾಡಿ ನೋಡಿದರೆ ಖರ್ಚು, ಕಾವಲು ಕಳೆದು ಮನೆಗೆ ವರ್ಷಕ್ಕೆ ಸಾವಿರದ ಆರುನೂರು ರೂಪಾಯಿಯಷ್ಟು ಬಂದೀತು. ಆಗಲೂ ಅದು ನಾಲ್ಕೈದು ದಿನದ ಕೂಲಿಯೇ. ಬದಲಿಗೆ ಗುಡ್ಡಕ್ಕೆ ಮೇಕೆ ಬಿಡದೆ ಇರಬೇಕಾದ ಕುಟುಂಬ ಕಳೆದುಕೊಳ್ಳುವುದು ಅದಕ್ಕಿಂತ ಬಹಳ ಹೆಚ್ಚು.

ಇನ್ನು ಬೆಲೆಯ ಮಾತು. ಈರುಳ್ಳಿ ಬೆಳೆದ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಜನವರಿಯಲ್ಲಿ ವಿದೇಶದ ಪತ್ರಿಕೆಗಳು ತನಿಖೆ ನಡೆಸಿ, ಮಳೆಕಾಡುಗಳ ಹೆಸರಿನಲ್ಲಿ ಮಾರಾಟವಾದ ಕ್ರೆಡಿಟ್‌ಗಳಲ್ಲಿ ಬಹುಪಾಲು ನಿಜವಾದ ಉಳಿತಾಯದವಲ್ಲ ಎಂದು ವರದಿ ಮಾಡಿದವು. ಯೋಜನೆ ಇಲ್ಲದಿದ್ದರೆ ಕಾಡು ಇಷ್ಟು ನಾಶವಾಗುತ್ತಿತ್ತು ಎಂದು ಮೊದಲೇ ಹಿಗ್ಗಿಸಿ ಬರೆದು, ಅಷ್ಟನ್ನೂ ಉಳಿಸಿದೆವೆಂದು ತೋರಿಸಿದ್ದೇ ಮುಖ್ಯ ದೋಷವಾಗಿತ್ತು. ಕೊಳ್ಳುವವರು ಹಿಂದೆ ಸರಿದರು, ಬೆಲೆ ಕುಸಿಯಿತು. ಲೆಕ್ಕ ಬರೆದವರು ಯಾರೋ, ಬೆಲೆ ಕುಸಿದಾಗ ನಷ್ಟವಾದದ್ದು ಪ್ರಾಮಾಣಿಕವಾಗಿ ಕಾಡು ಕಾದವರಿಗೂ.

ಕಾಡು ಯಾರದು, ಹಣ ಯಾರದು?

ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಮೌಫ್ಲಾಂಗ್ ಸುತ್ತಮುತ್ತಲಿನ ಹತ್ತು 'ಹಿಮಾ'ಗಳು, ಅಂದರೆ ಅಲ್ಲಿಯ ಸಾಂಪ್ರದಾಯಿಕ ಆಡಳಿತ ಘಟಕಗಳು, ಒಟ್ಟುಗೂಡಿ ಸುಮಾರು 27,000 ಹೆಕ್ಟೇರ್ ಪ್ರದೇಶದಲ್ಲಿ ಕಾಡು ಕಾಯುವ ಯೋಜನೆ ಕೈಗೊಂಡವು. 2013ರಿಂದ ಅದಕ್ಕೆ ಅಂತರರಾಷ್ಟ್ರೀಯ ಮಾನ್ಯತೆಯ ಇಂಗಾಲದ ಲೆಕ್ಕ ಸಿಕ್ಕಿದೆ. ಭಾರತದಲ್ಲಿ ಹಳ್ಳಿಗರೇ ನಡೆಸಿದ ಇಂಥ ಯೋಜನೆಗಳಲ್ಲಿ ಇದು ಮೊದಲನೆಯದು. ಬೆಂಕಿ ರೇಖೆ ತೆಗೆಯಲು, ಕಾವಲಿಗೆ, ಹಳ್ಳಿಯ ಸಣ್ಣಪುಟ್ಟ ಕೆಲಸಕ್ಕೆ ಆ ಹಣ ಬಳಕೆಯಾಗಿದೆ. ಅಲ್ಲಿ ಇದು ಸಾಧ್ಯವಾದುದಕ್ಕೆ ಮುಖ್ಯ ಕಾರಣ, ಆ ಕಾಡು ಸಂವಿಧಾನದ ಆರನೇ ಅನುಸೂಚಿಯ ರಕ್ಷಣೆಯಲ್ಲಿ ಬಹುಮಟ್ಟಿಗೆ ಸಮುದಾಯದ್ದೇ ಆಗಿರುವುದು. ಹತ್ತು ಹಿಮಾಗಳು ಒಂದಾದದ್ದು ಇನ್ನೊಂದು ಕಾರಣ. ತಪಾಸಣೆಯ ಖರ್ಚು ಚಿಕ್ಕ ಕಾಡಿಗೂ ದೊಡ್ಡ ಕಾಡಿಗೂ ಹೆಚ್ಚು ಕಡಿಮೆ ಒಂದೇ ಆಗುವುದರಿಂದ ಒಂಟಿ ಹಳ್ಳಿಗೆ ಅದು ಕಟ್ಟುವುದಿಲ್ಲ.

ನಮ್ಮಲ್ಲಿ ಕಾಡು ಸರ್ಕಾರದ್ದು. 1993ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿದ ಮೇಲೆ ಹಳ್ಳಿಗಳಲ್ಲಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. 1996ರ ನಂತರ ಜಪಾನ್ ಸಾಲದ ನೆರವಿನಿಂದ ಪೂರ್ವ ಬಯಲು ಸೀಮೆಯ ಅರಣ್ಯ ಯೋಜನೆ ಬಂದಾಗ ಇಂಥ ಸಮಿತಿಗಳು ಹೆಚ್ಚಿದವು. 2002ರಲ್ಲಿ ಪರಿಷ್ಕೃತ ಆದೇಶ ಬಂದಿತು. ಸಮಿತಿ ಬೆಳೆಸಿದ ನೆಡುತೋಪನ್ನು ಕಡಿದು ಮಾರಿದಾಗ ಅರ್ಧ ಪಾಲು ಸಮಿತಿಗೆ, ಸೀತಾಫಲ, ಹುಣಸೆ, ಹೊಂಗೆ ಬೀಜದಂಥ ಕಿರು ಉತ್ಪನ್ನದಲ್ಲಿ ಅದಕ್ಕಿಂತ ದೊಡ್ಡ ಪಾಲು ಎಂದಾಯಿತು. ಒಳ್ಳೆಯ ಏರ್ಪಾಡೇ. ಆದರೆ ಮರದ ಪಾಲು ಬರುವುದು ಮರ ಬಿದ್ದಾಗ. ನಿಂತ ಮರಕ್ಕೆ ಸಮಿತಿಯ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಮೇಲಾಗಿ ಸಮಿತಿಯ ಬ್ಯಾಂಕ್ ಖಾತೆ ನಡೆಯುವುದು ಅಧ್ಯಕ್ಷ ಮತ್ತು ಅರಣ್ಯ ಇಲಾಖೆಯ ನೌಕರನ ಜಂಟಿ ಸಹಿಯಿಂದ. ಯೋಜನೆಯ ಹಣ ಮುಗಿದೊಡನೆ ಅನೇಕ ಸಮಿತಿಗಳ ಸಭೆ ನಿಂತುಹೋಗಿ ಹೆಸರು ಮಾತ್ರ ಉಳಿಯಿತು.

ಜೋಗಿಮಟ್ಟಿಯಂತೆ ವನ್ಯಜೀವಿ ಧಾಮವೆಂದು ಘೋಷಿತವಾದ ಕಡೆ ಕಟ್ಟುಪಾಡು ಇನ್ನೂ ಬಿಗಿ. ಧಾಮಗಳೊಳಗಿಂದ ಒಣ ಮರ, ಹುಲ್ಲು ಕೂಡ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರವರಿಯಲ್ಲಿ ಆದೇಶಿಸಿದೆ. ವನ್ಯಜೀವಿಗಳಿಗೆ ಇದರಿಂದ ಅನುಕೂಲವಾದರೂ ಅಂಚಿನ ಹಳ್ಳಿಗೆ ಕಾಡಿನಿಂದ ಬರುತ್ತಿದ್ದ ಸಣ್ಣ ಆದಾಯವೂ ನಿಂತಿತು.

ಈಗ ಇನ್ನೊಂದು ಲೆಕ್ಕ ನೋಡಿ. ಗಣಿ, ರಸ್ತೆ, ವಿದ್ಯುತ್ ಯೋಜನೆಗಳಿಗೆ ಅರಣ್ಯ ಭೂಮಿ ಕೊಡುವಾಗ ಪಡೆಯುವವರು 'ನಿವ್ವಳ ಪ್ರಸ್ತುತ ಮೌಲ್ಯ' ಎಂಬ ಹೆಸರಿನಲ್ಲಿ ಹಣ ಕಟ್ಟಬೇಕು. ಸೌದೆ, ಮೇವು, ನೀರು, ಇಂಗಾಲ ಎಲ್ಲದರ ಬೆಲೆ ಅದರಲ್ಲಿ ಸೇರಿದೆ. 2022ರ ಪರಿಷ್ಕರಣೆಯಂತೆ ಇದು ಕಾಡಿನ ತರಗತಿಗೆ ತಕ್ಕಂತೆ ಹೆಕ್ಟೇರಿಗೆ ಸುಮಾರು 9.57 ಲಕ್ಷದಿಂದ 15.95 ಲಕ್ಷ ರೂಪಾಯಿ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆಯ ಪ್ರಕಾರ ಇದರ ಶೇಕಡ 90 ಭಾಗ ರಾಜ್ಯದ ನಿಧಿಗೆ ಹೋಗುತ್ತದೆ. ಖರ್ಚು ಮಾಡುವುದು ಅರಣ್ಯ ಇಲಾಖೆ, ಹಳ್ಳಿಗನಿಗೆ ಸಿಗುವುದು ಗುಂಡಿ ತೆಗೆದ ಕೂಲಿ. ಹೊಳಲ್ಕೆರೆ, ಹೊಸದುರ್ಗ ಮತ್ತು ದುರ್ಗದ ಸುತ್ತ ಕಬ್ಬಿಣದ ಅದಿರಿನ ಗಣಿ ಕಂಡವರಿಗೆ, 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಸಂದರ್ಭವನ್ನು ಬಲ್ಲವರಿಗೆ, ಇದರ ಅರ್ಥ ಹೊಳೆಯದಿರದು. ಕಾಡು ಹೋದ ಹೆಕ್ಟೇರಿಗೆ ಲಕ್ಷಗಟ್ಟಲೆ ಬೆಲೆ ಕಟ್ಟಲು ಬರುವ ಸರ್ಕಾರಕ್ಕೆ, ಉಳಿದ ಹೆಕ್ಟೇರಿಗೆ ಕಾದವರ ಪಾಲು ಇಷ್ಟು ಎಂದು ಗೊತ್ತುಮಾಡುವುದು ಅಸಾಧ್ಯವೇನಲ್ಲ.

ನಮ್ಮ ಗುಡ್ಡಗಳ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳೂ ಇದೇ ಪಾಠ ಹೇಳುತ್ತವೆ. ಚಿತ್ರದುರ್ಗ ಜಿಲ್ಲೆಯ ಹಲವು ಗಾಳಿ ವಿದ್ಯುತ್ ಯೋಜನೆಗಳು ವಿಶ್ವಸಂಸ್ಥೆಯ 'ಶುದ್ಧ ಅಭಿವೃದ್ಧಿ ವ್ಯವಸ್ಥೆ'ಯಡಿ ನೋಂದಣಿಯಾಗಿ ಇಂಗಾಲದ ಕ್ರೆಡಿಟ್‌ಗೆ ಅರ್ಹವಾದವು. ಕಲ್ಲಿದ್ದಲಿನ ಬದಲು ಗಾಳಿಯಿಂದ ವಿದ್ಯುತ್ ತೆಗೆದದ್ದಕ್ಕೆ ಆ ಪ್ರತಿಫಲ ನ್ಯಾಯವೇ. ಆದರೆ ಅದೇ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ, ಇಳಿಜಾರಿನ ಕಾಡನ್ನು ಬೆಂಕಿಯಿಂದ ಕಾದವನಿಗೆ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಇಂಗಾಲದ ಹಣ ಹೋಗುವುದು ದಾಖಲೆ ಯಾರ ಹೆಸರಿನಲ್ಲಿದೆಯೋ ಅವರಿಗೆ.

ಹಾಗಾದರೆ ಹಳ್ಳಿಯ ಹೆಸರಿನಲ್ಲಿ ದಾಖಲೆ ಮಾಡಿಕೊಳ್ಳಲು ದಾರಿ ಇಲ್ಲವೇ? ಇದೆ. 2006ರ ಅರಣ್ಯ ಹಕ್ಕು ಕಾಯಿದೆ ಸಮುದಾಯಕ್ಕೆ ತಾನು ಪರಂಪರೆಯಿಂದ ಕಾದುಕೊಂಡು ಬಂದ ಕಾಡನ್ನು ರಕ್ಷಿಸುವ, ನಿರ್ವಹಿಸುವ ಹಕ್ಕು ಕೊಡುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳು 2011ರಲ್ಲಿ ಸಮುದಾಯ ಹಕ್ಕು ಪತ್ರ ಪಡೆದವು. ನಮ್ಮ ಜಿಲ್ಲೆಯ ನಾಯಕರು ಪರಿಶಿಷ್ಟ ಪಂಗಡದವರಾಗಿ ಅರ್ಜಿ ಹಾಕಬಹುದು. ಕಾಡುಗೊಲ್ಲರು, ಲಂಬಾಣಿಗಳು ಮತ್ತು ಇತರರು 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷಗಳ ವಾಸವನ್ನು ತೋರಿಸಬೇಕು. ಇದು ಕಷ್ಟದ ಷರತ್ತು. ಆದರೂ ಹಳೆಯ ಸರ್ವೆ ನಕ್ಷೆ, ಕಂದಾಯ ದಾಖಲೆಗಳ ಜೊತೆಗೆ ಊರಿನ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ನೀಡಲು ನಿಯಮದಲ್ಲಿ ಅವಕಾಶವಿದೆ. ಕೋಸ್ಟರಿಕದಲ್ಲಿ 1996ರ ಅರಣ್ಯ ಕಾನೂನು ಬಂದು, ಪೆಟ್ರೋಲಿನ ಮೇಲಿನ ತೆರಿಗೆಯಿಂದ ಕಾಡಿನ ಒಡೆಯರಿಗೆ ಹಣ ಕೊಡಲು ಆರಂಭಿಸಿದಾಗಲೂ ಮೊದಲು ಹೊರಗುಳಿದವರು ಭೂಮಿಯ ಪಕ್ಕಾ ಕಾಗದ ಇಲ್ಲದ ಬಡವರೇ.

ಮೊದಲಿನಿಂದ ಕಾದವರಿಗೆ ಏನು?

ಇಂಗಾಲದ ಮಾರುಕಟ್ಟೆಯಲ್ಲಿ ಇನ್ನೊಂದು ವಿಚಿತ್ರ ನಿಯಮವಿದೆ. ಯೋಜನೆ ಬಂದದ್ದರಿಂದ ಹೊಸದಾಗಿ ಉಳಿದ ಇಂಗಾಲಕ್ಕೆ ಮಾತ್ರ ಬೆಲೆ. ಎರಡು ಹಳ್ಳಿಗಳನ್ನು ಎಣಿಸಿಕೊಳ್ಳಿ. ಒಂದು ಹಳ್ಳಿ ದೇವರ ಹೆಸರಿನಲ್ಲಿ ಗುಡ್ಡವನ್ನು ತಲೆಮಾರುಗಳಿಂದ ಕೊಡಲಿ ಮುಟ್ಟಿಸದೆ ಕಾದಿದೆ. ಇನ್ನೊಂದು ಹಳ್ಳಿ ತನ್ನ ಗುಡ್ಡವನ್ನು ಬೋಳು ಮಾಡಿದೆ. ನಿಯಮದ ಪ್ರಕಾರ ಎರಡನೆಯ ಹಳ್ಳಿ ಇಂದಿನಿಂದ ಕಡಿಯುವುದನ್ನು ನಿಲ್ಲಿಸಿದರೆ ಅದಕ್ಕೆ ಹಣ. ಮೊದಲನೆಯದು ಹಣವಿಲ್ಲದೆಯೂ ಕಾಯುತ್ತಿತ್ತಲ್ಲ, ಅದಕ್ಕೇಕೆ ಕೊಡಬೇಕು ಎಂಬುದು ವಾದ. ಲೆಕ್ಕಕ್ಕೆ ಇದು ಸರಿಯಿರಬಹುದು, ನ್ಯಾಯಕ್ಕೆ ಸರಿಯಲ್ಲ. ಆದ್ದರಿಂದ ಇಂಥ ಯೋಜನೆ ಬಂದಾಗ ಚೆನ್ನಾಗಿ ಕಾದ ಹಳ್ಳಿಗೂ ಕಾವಲಿನ ಖರ್ಚಿನ ಆಧಾರದ ಮೇಲೆ ಪ್ರತ್ಯೇಕ ಪಾಲು ಇರಬೇಕೆಂದು ಗ್ರಾಮಸಭೆಗಳು ಒತ್ತಾಯಿಸಬೇಕು.

'ಸೋರಿಕೆ' ಎಂಬುದು ಮತ್ತೊಂದು ತೊಡಕು. ಒಂದು ಊರು ತನ್ನ ಗುಡ್ಡಕ್ಕೆ ಬೇಲಿ ಹಾಕಿದರೆ ಕುರಿ ಮೇಕೆ ಪಕ್ಕದ ಊರಿನ ಗುಡ್ಡಕ್ಕೆ ಹೋಗುತ್ತವೆ. ಇಲ್ಲಿ ಉಳಿದದ್ದು ಅಲ್ಲಿ ಹೋಯಿತು. ತಪಾಸಣೆಯವರು ಇದನ್ನು ಕಳೆಯುತ್ತಾರೆ, ಊರುಗಳ ನಡುವೆ ಜಗಳವೂ ಹುಟ್ಟುತ್ತದೆ. ಕುರಿಗಾಹಿಯನ್ನು ಹೊರಗಿಟ್ಟು ಕಾಡು ಕಾಯುವುದು ನಮ್ಮ ಸೀಮೆಯಲ್ಲಿ ಆಗದ ಮಾತು. ಹೊಸ ಚಿಗುರಿಗಾಗಿ ಹುಲ್ಲಿಗೆ ಬೆಂಕಿ ಇಡುವ ರೂಢಿ ನಿಲ್ಲಬೇಕಾದರೂ ಅವನೇ ಒಪ್ಪಬೇಕು. ಸರದಿಯ ಮೇಲೆ ಗುಡ್ಡದ ಒಂದು ಭಾಗ ಮುಚ್ಚಿ ಉಳಿದದ್ದನ್ನು ಮೇಯಲು ಬಿಡುವುದು, ಮುಚ್ಚಿದ ಭಾಗದ ಹುಲ್ಲನ್ನು ಕೊಯ್ದು ಒಯ್ಯಲು ಅವಕಾಶ ಕೊಡುವುದು ಸರಿಯಾದ ಕ್ರಮ.

ಮರ ಎಣಿಸುವುದರ ಅಪಾಯ

ಇಂಗಾಲಕ್ಕೆ ಮಾತ್ರ ಬೆಲೆ ಕಟ್ಟಿದರೆ ಬೇಗ ದಪ್ಪವಾಗುವ ಮರವೇ ಒಳ್ಳೆಯ ಮರವೆನಿಸಿಕೊಳ್ಳುತ್ತದೆ. ಇದರ ಕಹಿ ಕರ್ನಾಟಕಕ್ಕೆ ಗೊತ್ತು. 1983ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ನಡೆದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ನೀಲಗಿರಿ ಹಬ್ಬಿತು. ಅದೇ ವರ್ಷ ತುಮಕೂರು ಜಿಲ್ಲೆಯಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತೆಸೆದರು. 1987ರ ನವೆಂಬರ್‌ನಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆದು, ಜನರು ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಹುಲ್ಲುಗಾವಲಿಗೆ ಈ ಅಪಾಯ ಹೆಚ್ಚು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗಾಗಿ ಮೀಸಲಿದ್ದ ಕಾವಲುಗಳು ಈ ಜಿಲ್ಲೆಯ ಆಸ್ತಿ. ಹುಲ್ಲುಗಾವಲು ತನ್ನ ಇಂಗಾಲದ ಹೆಚ್ಚಿನ ಪಾಲನ್ನು ನೆಲದೊಳಗೆ, ಬೇರು ಮತ್ತು ಮಣ್ಣಿನಲ್ಲಿ ಇಟ್ಟಿರುತ್ತದೆ. ಮೇಲೆ ನೋಡಿದವರಿಗೆ ಅದು ಖಾಲಿ ಬಯಲು. ಚಳ್ಳಕೆರೆ ತಾಲ್ಲೂಕಿನ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ನೆಲ ಕೆಲವೇ ವರ್ಷಗಳಲ್ಲಿ ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದಾಗ, ಅಲ್ಲಿ ಮೇಯುತ್ತಿದ್ದ ಕುರಿ ದನಗಳ ಲೆಕ್ಕ ಯಾರ ಗಮನಕ್ಕೂ ಬಂದಿರಲಿಲ್ಲ. ಮರ ನೆಡುವ ಹೆಸರಿನಲ್ಲಿಯೂ ಹೀಗೆಯೇ ಆಗಬಹುದು.

ಕೇಂದ್ರ ಸರ್ಕಾರ 2023ರ ಅಕ್ಟೋಬರ್‌ನಲ್ಲಿ 'ಹಸಿರು ಕ್ರೆಡಿಟ್' ಯೋಜನೆ ಪ್ರಕಟಿಸಿತು. ಕಂಪನಿಗಳು ಹಣ ಕೊಟ್ಟು ಬಡಕಲು ಅರಣ್ಯ ಭೂಮಿಯಲ್ಲಿ ಇಲಾಖೆಯ ಮೂಲಕ ಕಾಡು ಬೆಳೆಸಿದರೆ ಕ್ರೆಡಿಟ್ ಕಂಪನಿಗೆ. 2025ರ ಆಗಸ್ಟ್‌ನ ಪರಿಷ್ಕರಣೆಯಂತೆ ಐದು ವರ್ಷಗಳ ನಂತರ ಕನಿಷ್ಠ ಶೇಕಡ 40ರಷ್ಟು ಮರದ ನೆರಳು ಇರಬೇಕು. ನೆಟ್ಟು ಬಿಟ್ಟುಹೋಗುವುದನ್ನು ತಡೆಯಲು ಇದು ಒಳ್ಳೆಯ ಷರತ್ತೇ. ಆದರೆ ತಂಗಡಿ, ಬಂದರೆ, ಹುಲ್ಲು ಬೆರೆತ ನಮ್ಮ ಗುಡ್ಡಗಳ ಸ್ವಭಾವವೇ ತೆಳು ನೆರಳು. ಅಲ್ಲಿ ಶೇಕಡ 40 ಬರಿಸಲು ಹೊರಟರೆ ಹುಲ್ಲು ಸಾಯುತ್ತದೆ, ಕುರಿಗೆ ಮೇವು ತಪ್ಪುತ್ತದೆ. ಒಣ ಸೀಮೆಯ ಕಾಡಿಗೆ ಒಣ ಸೀಮೆಯ ಅಳತೆಗೋಲೇ ಬೇಕು.

ಕೆಲಸ ಮಾಡಿದ ಎರಡು ದಾರಿಗಳು

ಹಾಗೆಂದು ಎಲ್ಲವೂ ನಿರಾಶೆಯ ಕಥೆಯಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಕೂಲಿ ಸಂಘದ ಕುಟುಂಬಗಳು ಇಂಗಾಲದ ಹಣವನ್ನು ಬೇರೆ ರೀತಿಯಲ್ಲಿ ಪಡೆದವು. ದನವಿರುವ 5,500 ಮನೆಗಳಿಗೆ ಎರಡು ಘನಮೀಟರಿನ ಗೋಬರ್ ಅನಿಲ ಘಟಕ ಕಟ್ಟುವ ಯೋಜನೆ 2005ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. ಸೌದೆ ಮತ್ತು ಸೀಮೆಎಣ್ಣೆ ಉಳಿದದ್ದೇ ಕ್ರೆಡಿಟ್. ಗುಡ್ಡದ ಮರಕ್ಕೆ ಹಕ್ಕು ಸಾಧಿಸುವ ತಕರಾರು ಅಲ್ಲಿ ಇರಲಿಲ್ಲ. ಒಲೆ ಮನೆಯದು, ಲೆಕ್ಕವೂ ಮನೆಯದು. ಹೆಂಗಸರಿಗೆ ಸೌದೆ ಹೊರುವುದು, ಹೊಗೆ ಕುಡಿಯುವುದು ತಪ್ಪಿತು, ಸ್ಲರಿ ಹೊಲಕ್ಕೆ ಗೊಬ್ಬರವಾಯಿತು. ಇಂಗಾಲದ ಹಣ ಸಣ್ಣದಾದರೂ ಅದು ಕಾಲಕಾಲಕ್ಕೆ ಉಪಯೋಗಕ್ಕೆ ಬರುವ ವಸ್ತುವಾಗಿ ಮನೆಗೆ ಸೇರಿತು.

ಇನ್ನೊಂದು ದಾರಿ ನೀರಿನದು. ಹರಿಯಾಣದ ಸುಖೋಮಾಜ್ರಿ ಎಂಬ ಹಳ್ಳಿಯ ಗುಡ್ಡದಿಂದ ಹೂಳು ಹರಿದು ಚಂಡೀಗಢದ ಸುಖ್ನಾ ಕೆರೆ ತುಂಬುತ್ತಿತ್ತು. 1970ರ ದಶಕದಲ್ಲಿ ಅಲ್ಲಿ ಮಣ್ಣಿನ ಕಟ್ಟೆ ಕಟ್ಟಿ, ಗುಡ್ಡದಲ್ಲಿ ಮೇಕೆ ಮೇಯಿಸುವುದನ್ನು ಜನ ಬಿಟ್ಟರೆ ಕಟ್ಟೆಯ ನೀರು ಅವರಿಗೆ ಎಂದು ಒಪ್ಪಂದವಾಯಿತು. ಜಮೀನು ಇಲ್ಲದ ಮನೆಗೂ ನೀರಿನಲ್ಲಿ ಸಮಪಾಲು ಇಟ್ಟದ್ದು ಆ ಒಪ್ಪಂದದ ಜೀವಾಳ. ಭೂಮಿ ಇಲ್ಲದವನು ತನ್ನ ಪಾಲಿನ ನೀರನ್ನು ಮಾರಬಹುದಾಗಿತ್ತು. ಮೇಕೆಗಳ ಬದಲು ಎಮ್ಮೆ ಬಂತು, ಗುಡ್ಡ ಹಸಿರಾಯಿತು.

ನಮ್ಮ ನಾಲ್ಕು ತಾಲ್ಲೂಕಿಗೆ ಇದು ಹತ್ತಿರದ ಮಾತು. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರಕ್ಕೆ ವೇದಾವತಿ ನೀರು ತರುವುದು ಹೊಸದುರ್ಗದ ಮೇಲಿಂದ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಮಳೆಯ ಜೊತೆಗೆ ಭದ್ರಾ ನೀರೂ ಸೇರಿದ್ದರಿಂದ ಇದು ಸಾಧ್ಯವಾಯಿತು. ಮೇಲಿನ ಗುಡ್ಡ ಬೋಳಾದರೆ ಹೂಳು ಬರುವುದು ಈ ಜಲಾಶಯಕ್ಕೇ. ಹಿರಿಯೂರಿನ ನಾಲೆಯ ತೆಂಗು, ಅಡಿಕೆ ತೋಟಕ್ಕೂ, ದುರ್ಗದ ಕುಡಿಯುವ ನೀರಿಗೂ ಮೇಲಿನ ಹಳ್ಳಿಗಳ ಕಾವಲಿನಿಂದ ಲಾಭವಿದೆ. ನೀರು ಉಂಡವರು ನೀರು ಕಾದವರಿಗೆ ಒಂದು ಸಣ್ಣ ಪಾಲು ಕೊಡುವ ಪದ್ಧತಿ ಬಂದರೆ ಇಂಗಾಲದ ಬೆಲೆ ಏರಿಳಿದರೂ ಅದು ನಿಲ್ಲುತ್ತದೆ. ಇಂಗಾಲದ ಹಣವನ್ನು ಇದರ ಮೇಲಿನ ತುಪ್ಪವೆಂದು ಎಣಿಸಬೇಕೇ ಹೊರತು ಅದನ್ನೇ ಊಟವೆಂದು ನಂಬಬಾರದು.

ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಗ್ರಾಮ ಅರಣ್ಯ ಸಮಿತಿಯಾಗಲಿ, ಸ್ವಂತ ಹೊಲದಲ್ಲಿ ಮರ ಬೆಳೆಸುವ ರೈತರಾಗಲಿ ಇಂಗಾಲದ ಒಪ್ಪಂದಕ್ಕೆ ಮುನ್ನ ಈ ಕೆಳಗಿನವನ್ನು ವಿಚಾರಿಸಬೇಕು.

1. ಒಪ್ಪಂದ ಪತ್ರ ಪೂರ್ತಿಯಾಗಿ ಕನ್ನಡದಲ್ಲಿ ಇದೆಯೇ? ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆದಿದೆಯೇ?

2. ಅವಧಿ ಎಷ್ಟು ವರ್ಷ? ನಡುವೆ ಹೊರಬರಬೇಕಾದರೆ ದಂಡವೆಷ್ಟು? ಜಮೀನು ಮಕ್ಕಳಿಗೆ ಭಾಗವಾದರೆ ಅಥವಾ ಮಾರಿದರೆ ಏನು?

3. ಕ್ರೆಡಿಟ್ ಯಾರ ಹೆಸರಿನಲ್ಲಿ ದಾಖಲಾಗುತ್ತದೆ? ಮಾರಿದ ಬೆಲೆಯಲ್ಲಿ ಹಳ್ಳಿಯ ಪಾಲು ಶೇಕಡ ಎಷ್ಟು? ಈ ಪಾಲು ಖರ್ಚು ಕಳೆಯುವ ಮೊದಲೋ, ಕಳೆದ ನಂತರವೋ? ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು.

4. ಮೊದಲ ಹಣ ಯಾವ ವರ್ಷ ಬರುತ್ತದೆ? ಮರ ಬೆಳೆದು, ಅಳೆದು, ತಪಾಸಣೆಯಾಗಿ ಮಾರಾಟವಾಗುವವರೆಗೆ ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಕಾವಲಿನ ಕೂಲಿ ಯಾರು ಕೊಡುತ್ತಾರೆ?

5. ಬೆಂಕಿ ಬಿದ್ದರೆ, ಬರದಲ್ಲಿ ಗಿಡ ಒಣಗಿದರೆ ನಷ್ಟ ಯಾರದು? ಪಡೆದ ಹಣ ಹಿಂದಿರುಗಿಸಬೇಕೆಂಬ ಷರತ್ತು ಇದೆಯೇ?

6. ಮೇಯಿಸುವುದು, ಒಣ ಸೌದೆ, ಸೊಪ್ಪು, ಸೀತಾಫಲ ಇವುಗಳಲ್ಲಿ ಯಾವುದಕ್ಕೆ ಅಡ್ಡಿ? ಅಡ್ಡಿಯಾದ ಮನೆಗೆ ಪರಿಹಾರ ಏನು?

7. ನೆಡುವ ಗಿಡ ಯಾವುದು? ಹುಲ್ಲುಗಾವಲಿನಲ್ಲಿ ನೆಡುವುದಾದರೆ ಒಪ್ಪಬೇಡಿ. ಹೊಲದ ಬದುವಿಗೆ ಬೇವು, ಹೊಂಗೆ, ಹುಣಸೆಯಂಥ ಗಿಡಗಳನ್ನೇ ಕೇಳಿ. ಇಂಗಾಲಕ್ಕೆ ಬೆಲೆ ಬಾರದಿದ್ದರೂ ಇವು ಬೀಜ, ಗೊಬ್ಬರ, ಹಣ್ಣು ಕೊಡುತ್ತವೆ.

8. ಅಳತೆಯ ಲೆಕ್ಕದ ಒಂದು ಪ್ರತಿ ಊರಿನಲ್ಲಿ ಇರುತ್ತದೆಯೇ? ಊರಿನ ಯುವಕ ಯುವತಿಯರನ್ನು ಅಳೆಯಲು ಸೇರಿಸಿಕೊಳ್ಳುತ್ತಾರೆಯೇ?

9. ಹಣ ಮನೆಮನೆಗೆ ಹಂಚುವುದೋ, ಊರಿನ ಕೆಲಸಕ್ಕೋ? ಸೌದೆ ಹೊರುವ ಹೆಂಗಸರು, ಕುರಿಗಾಹಿಗಳು, ಜಮೀನಿಲ್ಲದವರು ಈ ತೀರ್ಮಾನದಲ್ಲಿ ಇದ್ದರೇ?

ಅರಣ್ಯ ಇಲಾಖೆಯ ಭೂಮಿಯಾದರೆ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಕಂಪನಿಗೂ ಸಮಿತಿ ಸಹಿ ಹಾಕಬಾರದು. ಊರಿಗೆ ಹಕ್ಕಿಲ್ಲದ ವಸ್ತುವನ್ನು ಮಾರಿದ ಹಾಗಾಗುತ್ತದೆ.

ಇಂದೇ ಮಾಡಬಹುದಾದ ಕೆಲಸ

ಹೊರಗಿನ ಹಣ ಬರಲಿ ಬಾರದಿರಲಿ, ಹಳ್ಳಿಗಳು ಈಗಲೇ ಮಾಡಬಹುದಾದ ಕೆಲಸಗಳಿವೆ. ನಿಂತುಹೋದ ಗ್ರಾಮ ಅರಣ್ಯ ಸಮಿತಿಯ ಸಭೆ ಕರೆದು ಖಾತೆಯಲ್ಲಿ ಉಳಿದಿರುವ ಹಣದ ಲೆಕ್ಕ ಕೇಳುವುದು. ಒಂದೇ ಗುಡ್ಡಸಾಲಿನ ಸಮಿತಿಗಳು ಒಟ್ಟು ಸೇರುವುದು. ಅರಣ್ಯ ಹಕ್ಕು ಸಮಿತಿಯ ಮೂಲಕ ಹಳೆಯ ದಾಖಲೆ ಕೂಡಿಹಾಕುವುದು. ಒಂದು ನೋಟುಪುಸ್ತಕ ಇಟ್ಟು ಬೆಂಕಿ ಬಿದ್ದ ದಿನ, ಆರಿಸಲು ಹೋದವರ ಹೆಸರು, ಕಾವಲಿಗೆ ಕಳೆದ ದಿನಗಳನ್ನು ಬರೆದಿಡುವುದು. ನಾಳೆ ಪ್ರತಿಫಲದ ಮಾತು ಬಂದಾಗ ದಾಖಲೆ ಇದ್ದವನ ಮಾತಿಗೆ ಬೆಲೆ ಎಂಬುದನ್ನು ಗಾಳಿಯಂತ್ರಗಳ ಕಥೆಯೇ ತೋರಿಸಿದೆ.

ಕಾಡು ಕಾಯುವುದು ದಾನವಲ್ಲ, ದುಡಿಮೆ. ಆ ದುಡಿಮೆಗೆ ಜಗತ್ತು ಬೆಲೆ ಕಟ್ಟಲು ಮುಂದಾಗಿರುವುದು ಸ್ವಾಗತಾರ್ಹ. ಆ ಬೆಲೆ ನ್ಯಾಯವಾದದ್ದೇ ಎಂದು ತೂಗಿ ನೋಡುವ ತಕ್ಕಡಿ ಮಾತ್ರ ಗ್ರಾಮಸಭೆಯ ಕೈಯಲ್ಲಿಯೇ ಇರಬೇಕು.